ಫ್ರೆಂಚ್ ಭಾಷಾ ಪ್ರಾವೀಣ್ಯ ಪರೀಕ್ಷೆಯ ಆಯ್ಕೆ: ಬೆಂಗಳೂರು ಪಶ್ಚಿಮ ಭಾಗದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಹಾಗೂ ಸುತ್ತಲಿನ ಬಡಾವಣೆಗಳಿಂದ ಉದ್ಯೋಗ, ಉನ್ನತ ವ್ಯಾಸಂಗ ಅಥವಾ ಖಾಯಂ ವಾಸದ ಉದ್ದೇಶಕ್ಕಾಗಿ ಕೆನಡಾ ಮತ್ತು ಫ್ರಾನ್ಸ್ ದೇಶಗಳಿಗೆ ತೆರಳಬಯಸುವವರು ಫ್ರೆಂಚ್ ಭಾಷಾ ಜ್ಞಾನದ ಅಧಿಕೃತ ಪುರಾವೆಯನ್ನು ಸಲ್ಲಿಸಬೇಕಾದ ಸಂದರ್ಭಗಳು ಇವೆ. ಈ ಪುರಾವೆಯನ್ನು ನೀಡುವ ಪರೀಕ್ಷೆ ಒಂದಲ್ಲ, ಹಲವು. ಹೆಸರುಗಳು ಒಂದನ್ನೊಂದು ಹೋಲುತ್ತವೆ, ಶುಲ್ಕಗಳು ಹೆಚ್ಚಿನವು, ಮತ್ತು ಒಂದು ಕಚೇರಿಯಲ್ಲಿ ಮಾನ್ಯವಾಗುವ ಪ್ರಮಾಣಪತ್ರ ಇನ್ನೊಂದರಲ್ಲಿ ಮಾನ್ಯವಾಗುವುದಿಲ್ಲ. ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ವಿಚಾರಣೆಗೆ ಬರುವ ಬಹುತೇಕ ಅರ್ಜಿದಾರರು ಮೊದಲು ಕೇಳುವ ಪ್ರಶ್ನೆ “ಯಾವ ಪರೀಕ್ಷೆ ಸುಲಭ?” ಎಂಬುದು. ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಅದಲ್ಲ. ಪ್ರಮಾಣಪತ್ರವನ್ನು ಅಂತಿಮವಾಗಿ ಸ್ವೀಕರಿಸುವ ಕಚೇರಿ ಯಾವುದು, ಆ ಕಚೇರಿ ಯಾವ ಪರೀಕ್ಷೆಯನ್ನು ಹೆಸರಿಸಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ ಎಷ್ಟೇ ಕ್ರಮಬದ್ಧವಾಗಿದ್ದರೂ ಜಾತಿ ಪ್ರಮಾಣಪತ್ರ ಕೇಳಿರುವ ಅರ್ಜಿಯೊಂದಿಗೆ ಅದನ್ನು ಲಗತ್ತಿಸಿದರೆ ಅರ್ಜಿ ಹಿಂದಿರುಗುತ್ತದೆ. ಇಲ್ಲಿಯೂ ಅದೇ ನ್ಯಾಯ ಅನ್ವಯಿಸುತ್ತದೆ.

ಡಿಪ್ಲೊಮಾ ಮತ್ತು ಪರೀಕ್ಷಾ ಫಲಿತಾಂಶ ಪತ್ರ: ವ್ಯತ್ಯಾಸ

ಫ್ರೆಂಚ್ ಭಾಷೆಯ ಅಧಿಕೃತ ಪುರಾವೆಗಳು ಎರಡು ಬಗೆಯವು. ಮೊದಲನೆಯದು ಡಿಪ್ಲೊಮಾ. ಡೆಲ್ಫ್ ಮತ್ತು ಡಾಲ್ಫ್ ಎಂಬ ಹೆಸರಿನ ಈ ಡಿಪ್ಲೊಮಾಗಳನ್ನು ಫ್ರಾನ್ಸ್ ದೇಶದ ಶಿಕ್ಷಣ ಸಚಿವಾಲಯವು 1985ರಲ್ಲಿ ಜಾರಿಗೆ ತಂದಿತು. ಯುರೋಪಿನ ಸಾಮಾನ್ಯ ಭಾಷಾ ಚೌಕಟ್ಟಿನ ಆರು ಹಂತಗಳ ಪೈಕಿ ಎ1, ಎ2, ಬಿ1 ಮತ್ತು ಬಿ2 ಹಂತಗಳಿಗೆ ಡೆಲ್ಫ್, ಸಿ1 ಮತ್ತು ಸಿ2 ಹಂತಗಳಿಗೆ ಡಾಲ್ಫ್ ಇರುತ್ತವೆ. ಅಭ್ಯರ್ಥಿಯು ತಾನು ಯಾವ ಹಂತಕ್ಕೆ ಕೂರುವುದೆಂದು ಮೊದಲೇ ನಿರ್ಧರಿಸಿ ಆ ಹಂತದ ಪರೀಕ್ಷೆಗೇ ನೋಂದಾಯಿಸಿಕೊಳ್ಳುತ್ತಾನೆ. ಡೆಲ್ಫ್ ಪರೀಕ್ಷೆಯಲ್ಲಿ ಆಲಿಸುವಿಕೆ, ಓದು, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕಗಳು. ಒಟ್ಟು 100ಕ್ಕೆ 50 ಅಂಕ ಪಡೆದವರು ಉತ್ತೀರ್ಣರು. ಆದರೆ ಯಾವುದೇ ಒಂದು ಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಒಟ್ಟು ಅಂಕ ಎಷ್ಟಿದ್ದರೂ ಅನುತ್ತೀರ್ಣರು. ಒಮ್ಮೆ ದೊರೆತ ಡಿಪ್ಲೊಮಾಗೆ ಕಾಲಮಿತಿ ಇರುವುದಿಲ್ಲ. ಅದು ಜೀವನಪರ್ಯಂತ ಮಾನ್ಯ.

ಎರಡನೆಯದು ಪರೀಕ್ಷಾ ಫಲಿತಾಂಶ ಪತ್ರ. ಟಿ.ಸಿ.ಎಫ್. ಮತ್ತು ಟೆಫ್ ಈ ಬಗೆಗೆ ಸೇರಿದವು. ಇವುಗಳಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬುದಿಲ್ಲ. ಎಲ್ಲ ಅಭ್ಯರ್ಥಿಗಳೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರಿಸುತ್ತಾರೆ. ಪಡೆದ ಅಂಕಗಳ ಆಧಾರದ ಮೇಲೆ ಹಂತವನ್ನು ನಮೂದಿಸಲಾಗುತ್ತದೆ. ಟಿ.ಸಿ.ಎಫ್. ಅನ್ನು, ಡೆಲ್ಫ್ ಮತ್ತು ಡಾಲ್ಫ್‌ಗಳಂತೆಯೇ, ಪ್ಯಾರಿಸ್ ಸಮೀಪದ ಸೆವ್ರ್ ಪಟ್ಟಣದಲ್ಲಿರುವ ಫ್ರಾನ್ಸ್ ಎಜುಕಾಸಿಯೋಂ ಅಂತರ್‌ನಾಸಿಯೊನಾಲ್ ಎಂಬ ಸರ್ಕಾರಿ ಸಂಸ್ಥೆ ನಡೆಸುತ್ತದೆ. ಟೆಫ್ ಅನ್ನು ನಡೆಸುವುದು ಪ್ಯಾರಿಸ್ ಪ್ರದೇಶದ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ. ಎರಡರ ಫಲಿತಾಂಶವೂ ಎರಡು ವರ್ಷಗಳ ಅವಧಿಗೆ ಮಾತ್ರ ಮಾನ್ಯ.

ಜೀವನಪರ್ಯಂತ ಮಾನ್ಯವಾದುದು ಎರಡು ವರ್ಷಕ್ಕೆ ಮಾತ್ರ ಮಾನ್ಯವಾದುದಕ್ಕಿಂತ ಮೇಲು ಎಂದು ಭಾವಿಸುವುದು ಸಹಜ. ಈ ಭಾವನೆಯಿಂದಲೇ ಅತಿ ಹೆಚ್ಚು ಅರ್ಜಿದಾರರು ನಷ್ಟಕ್ಕೆ ಒಳಗಾಗುತ್ತಾರೆ. ಮುಂದಿನ ಭಾಗವನ್ನು ಗಮನಿಸುವುದು.

ಕೆನಡಾದ ಖಾಯಂ ವಾಸಕ್ಕಾಗಿ ಅರ್ಜಿ ಸಲ್ಲಿಸುವವರು

ಕೆನಡಾದ ಕೇಂದ್ರ ವಲಸೆ ಇಲಾಖೆಯು 2015ರ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆಯ ಮೂಲಕ ಆರ್ಥಿಕ ವಲಸಿಗರ ಅರ್ಜಿಗಳನ್ನು ನಿರ್ವಹಿಸುತ್ತಿದೆ. ಈ ವ್ಯವಸ್ಥೆಯಲ್ಲಿ ಫ್ರೆಂಚ್ ಭಾಷೆಗೆ ಎರಡು ಪರೀಕ್ಷೆಗಳು ಮಾತ್ರ ಅಂಗೀಕೃತವಾಗಿವೆ: ಟೆಫ್ ಕೆನಡಾ ಮತ್ತು ಟಿ.ಸಿ.ಎಫ್. ಕೆನಡಾ. ಡೆಲ್ಫ್ ಬಿ2 ಇರಲಿ, ಡಾಲ್ಫ್ ಸಿ2 ಇರಲಿ, ಈ ಅರ್ಜಿಯಲ್ಲಿ ಅವುಗಳಿಗೆ ಒಂದು ಅಂಕವೂ ದೊರೆಯುವುದಿಲ್ಲ. ಸಾಮಾನ್ಯ ಟಿ.ಸಿ.ಎಫ್. ಕೂಡ ಸಲ್ಲುವುದಿಲ್ಲ, ನೋಂದಣಿಯ ವೇಳೆ “ಕೆನಡಾ” ಎಂಬ ಪದವಿರುವ ಪರೀಕ್ಷೆಯನ್ನೇ ಆರಿಸತಕ್ಕದ್ದು.

ಒಂದು ಸಂದರ್ಭವನ್ನು ಉದಾಹರಣೆಗಾಗಿ ಭಾವಿಸಬಹುದು. ವಿಜಯನಗರದ ಅವಿವಾಹಿತ ಅರ್ಜಿದಾರರೊಬ್ಬರು 33ನೆಯ ವಯಸ್ಸಿನಲ್ಲಿ ಡೆಲ್ಫ್ ಬಿ2 ಪಡೆಯುತ್ತಾರೆ. ಅರ್ಜಿ ಭರ್ತಿ ಮಾಡುವಾಗ ಅದು ಅಂಗೀಕೃತವಲ್ಲವೆಂದು ತಿಳಿದು, ಟಿ.ಸಿ.ಎಫ್. ಕೆನಡಾಕ್ಕೆ ಪುನಃ ಶುಲ್ಕ ಕಟ್ಟಿ, ಸ್ಥಳ ದೊರೆಯುವವರೆಗೆ ಕಾಯುತ್ತಾರೆ. ಅಷ್ಟರಲ್ಲಿ 34 ತುಂಬುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅವಿವಾಹಿತ ಅರ್ಜಿದಾರರಿಗೆ 33ರ ವಯಸ್ಸಿಗೆ 88 ಅಂಕ, 34ಕ್ಕೆ 83 ಅಂಕ. ಕಲಿತ ಭಾಷೆ ಅದೇ, ವ್ಯಕ್ತಿಯೂ ಅವರೇ. ಹುಟ್ಟುಹಬ್ಬ ಕಳೆದದ್ದಕ್ಕೆ 5 ಅಂಕ ಹೋಯಿತು. 40 ದಾಟಿದವರಿಗೆ ಈ ಇಳಿಕೆ ವರ್ಷಕ್ಕೆ 11 ಅಂಕದಂತೆ ಸಾಗಿ, 45ಕ್ಕೆ ವಯಸ್ಸಿನ ಅಂಕ ಶೂನ್ಯವಾಗುತ್ತದೆ. ಶುಲ್ಕವನ್ನು ಮತ್ತೆ ದುಡಿಯಬಹುದು, ವಯಸ್ಸಿನ ಅಂಕಗಳನ್ನು ಮರಳಿ ಪಡೆಯಲಾಗದು.

ಫ್ರೆಂಚ್ ಭಾಷೆಯಿಂದ ಇಲ್ಲಿ ದೊರೆಯುವ ಲಾಭ ಸಣ್ಣದಲ್ಲ. ಕೆನಡಾದವರು ಫ್ರೆಂಚ್ ಭಾಷಾ ಮಟ್ಟವನ್ನು ಎನ್.ಸಿ.ಎಲ್.ಸಿ. ಎಂಬ ಮಾಪಕದಲ್ಲಿ ಅಳೆಯುತ್ತಾರೆ. ನಾಲ್ಕು ಭಾಗಗಳಲ್ಲಿಯೂ ಎನ್.ಸಿ.ಎಲ್.ಸಿ. 7 ಅಥವಾ ಅದಕ್ಕಿಂತ ಮೇಲಿನ ಮಟ್ಟ ಇದ್ದು, ಇಂಗ್ಲಿಷ್‌ನ ನಾಲ್ಕೂ ಭಾಗಗಳಲ್ಲಿ ಸಿ.ಎಲ್.ಬಿ. 5 ಅಥವಾ ಮೇಲಿನ ಮಟ್ಟ ಇದ್ದರೆ 50 ಹೆಚ್ಚುವರಿ ಅಂಕಗಳು ಸೇರುತ್ತವೆ. ಇಂಗ್ಲಿಷ್ ಅನ್ನು ಮೊದಲ ಭಾಷೆಯಾಗಿಯೂ ಫ್ರೆಂಚ್ ಅನ್ನು ಎರಡನೆಯ ಭಾಷೆಯಾಗಿಯೂ ತೋರಿಸುವ ಅಭ್ಯರ್ಥಿಗೆ ಅದೇ 7ನೆಯ ಮಟ್ಟಕ್ಕೆ ಪ್ರತಿ ಭಾಗಕ್ಕೆ 3ರಂತೆ ಇನ್ನೂ 12 ಅಂಕಗಳು ಬರುತ್ತವೆ. ಒಟ್ಟು 62.

ಇದಕ್ಕಿಂತ ಮುಖ್ಯವಾದ ಬದಲಾವಣೆ 2023ರಲ್ಲಿ ಆಯಿತು. ಆ ವರ್ಷದಿಂದ ವರ್ಗವಾರು ಆಹ್ವಾನ ಸುತ್ತುಗಳು ಆರಂಭವಾಗಿ, ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ವರ್ಗ ಏರ್ಪಟ್ಟಿತು. ಅರ್ಹತೆ ಅದೇ, ನಾಲ್ಕು ಭಾಗಗಳಲ್ಲಿಯೂ 7. ದಿನಾಂಕ 21.03.2025ರ ಸುತ್ತಿನಲ್ಲಿ ಈ ವರ್ಗದ 7,500 ಮಂದಿಗೆ ಆಹ್ವಾನ ನೀಡಲಾಯಿತು. ಕಡೆಯ ಅಂಕ 379. ಅದೇ ವರ್ಷ ಕೆನಡಾದಲ್ಲಿ ಈಗಾಗಲೇ ದುಡಿದ ಅನುಭವವುಳ್ಳವರ ಸುತ್ತುಗಳಲ್ಲಿ ಕಡೆಯ ಅಂಕ 500ಕ್ಕೂ ಮೇಲಿತ್ತು. ಬೆಂಗಳೂರಿನಲ್ಲಿಯೇ ಇದ್ದು ಅರ್ಜಿ ಹಾಕುವ, ಕೆನಡಾದ ಅನುಭವವಿಲ್ಲದ ಅರ್ಜಿದಾರರಿಗೆ ಈ ಅಂತರದ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಸುತ್ತುಗಳ ಸಂಖ್ಯೆ ಮತ್ತು ಕಡೆಯ ಅಂಕ ಆಗಾಗ್ಗೆ ಬದಲಾಗುವುದರಿಂದ ಹಿಂದಿನ ಅಂಕವನ್ನು ಮುಂದಿನದಕ್ಕೆ ಭರವಸೆಯೆಂದು ತಿಳಿಯಕೂಡದು.

“ಬಿ2” ಮತ್ತು “7” ಒಂದೇ ಅಲ್ಲ

ತರಬೇತಿ ಕೇಂದ್ರಗಳ ಪ್ರಕಟಣೆಗಳಲ್ಲಿ ಎನ್.ಸಿ.ಎಲ್.ಸಿ. 7 ಎಂದರೆ ಬಿ2 ಎಂದು ಸಮೀಕರಿಸಿ ಬರೆಯುವುದು ರೂಢಿ. ಸ್ಥೂಲವಾಗಿ ಇದು ಸರಿ. ಅಂಕಗಳ ಲೆಕ್ಕದಲ್ಲಿ ಸರಿಯಲ್ಲ. ಟಿ.ಸಿ.ಎಫ್.ನ ಆಲಿಸುವಿಕೆ ಮತ್ತು ಓದಿನ ಭಾಗಗಳಲ್ಲಿ 400ರಿಂದ 499 ಅಂಕಗಳಿಗೆ ಬಿ2 ಎಂದು ನಮೂದಿಸಲಾಗುತ್ತದೆ. ಆದರೆ ಕೆನಡಾದ ಕೋಷ್ಟಕದಲ್ಲಿ 7ನೆಯ ಮಟ್ಟ ಆರಂಭವಾಗುವುದು ಆಲಿಸುವಿಕೆಗೆ 458ರಿಂದ, ಓದಿಗೆ 453ರಿಂದ. ಆಲಿಸುವಿಕೆಯಲ್ಲಿ 430 ಪಡೆದವರ ಪತ್ರದಲ್ಲಿ ಬಿ2 ಎಂದು ಮುದ್ರಿತವಾಗಿದ್ದರೂ ಕೆನಡಾದ ಮಟ್ಟಿಗೆ ಅವರು 6ನೆಯ ಮಟ್ಟದವರು. 50 ಅಂಕಗಳೂ ಇಲ್ಲ, ಫ್ರೆಂಚ್ ವರ್ಗದ ಅರ್ಹತೆಯೂ ಇಲ್ಲ. ಬರವಣಿಗೆ ಮತ್ತು ಮಾತಿನ ಭಾಗಗಳಲ್ಲಿ 20ಕ್ಕೆ 10 ಬಂದರೆ 7ನೆಯ ಮಟ್ಟ. 9 ಬಂದರೆ 6.

ಮೂರು ಭಾಗಗಳಲ್ಲಿ 9ನೆಯ ಮಟ್ಟ ತಲುಪಿ ಒಂದರಲ್ಲಿ ಮಾತ್ರ 6 ಬಂದರೂ ಹೆಚ್ಚುವರಿ 50 ಅಂಕಗಳು ಸಿಗುವುದಿಲ್ಲ. ಎರಡು ಬಾರಿ ಪರೀಕ್ಷೆ ಬರೆದು ಮೊದಲನೆಯದರ ಓದು, ಎರಡನೆಯದರ ಆಲಿಸುವಿಕೆ ಎಂದು ಜೋಡಿಸಲು ಅವಕಾಶವಿಲ್ಲ. ನಾಲ್ಕೂ ಅಂಕಗಳು ಒಂದೇ ಪರೀಕ್ಷೆಯ ಒಂದೇ ಫಲಿತಾಂಶ ಪತ್ರದಲ್ಲಿರತಕ್ಕದ್ದು. ಆದ್ದರಿಂದ ಸಿದ್ಧತೆಯನ್ನು ಅತ್ಯಂತ ದುರ್ಬಲವಾದ ಭಾಗದಿಂದ ಅಳೆದುಕೊಳ್ಳುವುದು ವಿಹಿತ. ಕನ್ನಡ ಮಾತೃಭಾಷೆಯವರಿಗೆ ಆ ಭಾಗ ಸಾಮಾನ್ಯವಾಗಿ ಆಲಿಸುವಿಕೆ. ಕನ್ನಡದಲ್ಲಿ ಬರೆದಂತೆ ಓದುವ ಪದ್ಧತಿ. ಫ್ರೆಂಚ್‌ನಲ್ಲಿ ಪದಾಂತ್ಯದ ಹಲವು ಅಕ್ಷರಗಳು ಉಚ್ಚಾರವಾಗುವುದೇ ಇಲ್ಲ, ಉಚ್ಚಾರವಾದಾಗ ಮುಂದಿನ ಪದಕ್ಕೆ ಸೇರಿಕೊಳ್ಳುತ್ತವೆ. ಪುಸ್ತಕದಲ್ಲಿ ಗುರುತಿಸಿದ ಪದವನ್ನು ಕಿವಿ ಗುರುತಿಸದು. ಪರೀಕ್ಷೆಯಲ್ಲಿ ಧ್ವನಿಮುದ್ರಣವನ್ನು ಒಮ್ಮೆ ಮಾತ್ರ ಕೇಳಿಸಲಾಗುತ್ತದೆ.

ಟಿ.ಸಿ.ಎಫ್. ಕೆನಡಾ ಅಥವಾ ಟೆಫ್ ಕೆನಡಾ

ಕೆನಡಾದ ಇಲಾಖೆ ಎರಡನ್ನೂ ಸಮಾನವಾಗಿ ಪರಿಗಣಿಸುತ್ತದೆ. ಆದ್ದರಿಂದ ಇಲ್ಲಿ ಮಾತ್ರ “ಯಾವುದು ಅನುಕೂಲ?” ಎಂಬ ಪ್ರಶ್ನೆಗೆ ಸ್ಥಾನವಿದೆ.

ಟಿ.ಸಿ.ಎಫ್. ಕೆನಡಾದಲ್ಲಿ ಆಲಿಸುವಿಕೆಗೆ 35 ನಿಮಿಷಗಳಲ್ಲಿ 39 ಪ್ರಶ್ನೆಗಳು, ಓದಿಗೆ 60 ನಿಮಿಷಗಳಲ್ಲಿ 39 ಪ್ರಶ್ನೆಗಳು. ಪ್ರಶ್ನೆಗಳು ಸುಲಭದಿಂದ ಕಠಿಣದತ್ತ ಸಾಗುತ್ತವೆ. ಬರವಣಿಗೆಯಲ್ಲಿ 60 ನಿಮಿಷಗಳಲ್ಲಿ ಮೂರು ಲೇಖನಗಳು: ಮೊದಲನೆಯದು 60ರಿಂದ 120 ಪದಗಳ ಸಂದೇಶ, ಎರಡನೆಯದು 120ರಿಂದ 150 ಪದಗಳ ವರದಿ ಅಥವಾ ಪತ್ರ, ಮೂರನೆಯದು ಎರಡು ವಿರುದ್ಧ ಅಭಿಪ್ರಾಯಗಳನ್ನು ಓದಿ ಸಂಗ್ರಹಿಸಿ ತನ್ನ ನಿಲುವನ್ನು ತಿಳಿಸುವ 120ರಿಂದ 180 ಪದಗಳ ಬರೆಹ. ಮಾತಿನ ಪರೀಕ್ಷೆ 12 ನಿಮಿಷಗಳದು. ಮೂರು ಭಾಗಗಳ ಪೈಕಿ ಎರಡನೆಯದಕ್ಕೆ ಮಾತ್ರ 2 ನಿಮಿಷಗಳ ಸಿದ್ಧತಾ ಸಮಯ ನೀಡಲಾಗುತ್ತದೆ.

ಟೆಫ್ ಕೆನಡಾದಲ್ಲಿ 2023ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಪರಿಷ್ಕೃತ ಸ್ವರೂಪದಂತೆ ಆಲಿಸುವಿಕೆಗೆ 40 ನಿಮಿಷ ಮತ್ತು 40 ಪ್ರಶ್ನೆಗಳು, ಓದಿಗೆ 60 ನಿಮಿಷ ಮತ್ತು 40 ಪ್ರಶ್ನೆಗಳು. ಬರವಣಿಗೆಯಲ್ಲಿ ಎರಡು ಭಾಗಗಳು: ಪತ್ರಿಕಾ ಸುದ್ದಿಯೊಂದರ ಆರಂಭವನ್ನು ಕೊಟ್ಟು ಅದನ್ನು ಮುಂದುವರಿಸಲು 25 ನಿಮಿಷ, ಪತ್ರಿಕೆಗೆ ಅಭಿಪ್ರಾಯ ಬರೆಯಲು 35 ನಿಮಿಷ. ಮಾತಿನ ಪರೀಕ್ಷೆ 15 ನಿಮಿಷ: ಜಾಹೀರಾತೊಂದರ ಬಗ್ಗೆ ದೂರವಾಣಿಯಲ್ಲಿ ವಿಚಾರಿಸುವಂತೆ 5 ನಿಮಿಷ, ಸ್ನೇಹಿತನೊಬ್ಬನನ್ನು ಯಾವುದೋ ಕಾರ್ಯಕ್ಕೆ ಒಪ್ಪಿಸುವಂತೆ 10 ನಿಮಿಷ. ಆಲಿಸುವಿಕೆಗೆ 60 ಪ್ರಶ್ನೆ, ಓದಿಗೆ 50 ಪ್ರಶ್ನೆ ಎಂದಿರುವ ಅಭ್ಯಾಸ ಪುಸ್ತಕಗಳು ಹಳೆಯ ಸ್ವರೂಪದವು. ಅಂಕ ಹೋಲಿಕೆಯ ಕೋಷ್ಟಕವೂ ಆಗ ಬದಲಾಗಿರುವುದರಿಂದ ಹಳೆಯ ಕೋಷ್ಟಕವನ್ನು ನೋಡಿ ಲೆಕ್ಕ ಹಾಕಕೂಡದು.

ಮಾತಿನಲ್ಲಿ ಚುರುಕಾಗಿದ್ದು ಎದುರಿನವರನ್ನು ಒಪ್ಪಿಸುವ ರೂಢಿಯುಳ್ಳವರಿಗೆ, ಅಂದರೆ ಮಾರಾಟ ವಿಭಾಗ ಅಥವಾ ಗ್ರಾಹಕ ಸೇವೆಯಲ್ಲಿ ದುಡಿದವರಿಗೆ, ಟೆಫ್‌ನ ಮಾತಿನ ಭಾಗ ಒಗ್ಗುತ್ತದೆ. ನಿಗದಿತ ಮಾದರಿಯಲ್ಲಿ ಚಿಕ್ಕ ಚಿಕ್ಕ ಉತ್ತರ ಬರೆಯಬಲ್ಲವರಿಗೆ ಟಿ.ಸಿ.ಎಫ್. ಬರವಣಿಗೆ ಒಗ್ಗುತ್ತದೆ. ಇದಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಹುಡುಕುವುದು ವ್ಯರ್ಥ. ಒಂದನ್ನು ಆರಿಸಿ ಅದರ ಮಾದರಿ ಪ್ರಶ್ನೆಗಳನ್ನೇ ಅಭ್ಯಾಸ ಮಾಡಿದವರು, ಎರಡರ ನಡುವೆ ತಿಂಗಳುಗಟ್ಟಲೆ ಹೊಯ್ದಾಡಿದವರಿಗಿಂತ ಮುಂದಿರುತ್ತಾರೆ. ಅನೇಕ ವೇಳೆ ಯಾವ ಪರೀಕ್ಷೆಗೆ ಮೊದಲು ಸ್ಥಳ ದೊರೆಯುತ್ತದೆಯೋ ಅದೇ ಆಯ್ಕೆಯಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಎರಡು ವರ್ಷಗಳ ಅವಧಿಯನ್ನು ಲೆಕ್ಕ ಹಾಕುವ ಬಗೆ

ಫಲಿತಾಂಶವು ಎಕ್ಸ್‌ಪ್ರೆಸ್ ಎಂಟ್ರಿ ವಿವರ ಸಲ್ಲಿಸುವ ದಿನ ಮಾತ್ರವಲ್ಲದೆ, ಆಹ್ವಾನ ಬಂದ ನಂತರ ಖಾಯಂ ವಾಸದ ಪೂರ್ಣ ಅರ್ಜಿ ಸಲ್ಲಿಸುವ ದಿನವೂ ಎರಡು ವರ್ಷದೊಳಗಿನದಾಗಿರತಕ್ಕದ್ದು. ಆಹ್ವಾನದ ನಂತರ ಪೂರ್ಣ ಅರ್ಜಿಗೆ 60 ದಿನಗಳ ಕಾಲಾವಕಾಶವಿರುತ್ತದೆ. ಅವಧಿ ಮುಗಿಯಲು ಒಂದೇ ತಿಂಗಳು ಉಳಿದಿರುವಾಗ ಆಹ್ವಾನ ಬಂದರೆ ಆ 60 ದಿನಗಳು ಕಾಗದದ ಮೇಲೆ ಮಾತ್ರ ಇರುತ್ತವೆ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ಹಿಂದಿನ ಮಾಲೀಕರ ಅನುಭವ ಪತ್ರ ಮೊದಲಾದವು ತಡವಾಗುವುದು ಎಲ್ಲರಿಗೂ ತಿಳಿದ ವಿಷಯ. ಆದ್ದರಿಂದ 18 ತಿಂಗಳು ಕಳೆದ ಫಲಿತಾಂಶವುಳ್ಳವರು ಮರುಪರೀಕ್ಷೆಗೆ ಸ್ಥಳ ಕಾಯ್ದಿರಿಸುವುದು ಕ್ಷೇಮ.

ಇದೇ ಕಾರಣಕ್ಕೆ ಪರೀಕ್ಷೆಯನ್ನು ತೀರ ಬೇಗ ಬರೆಯುವುದೂ ಸರಿಯಲ್ಲ. ಆರಂಭದಿಂದ ಬಿ2 ಹಂತ ತಲುಪಲು ಸುಮಾರು 500ರಿಂದ 650 ಗಂಟೆಗಳ ಕಲಿಕೆ ಬೇಕಾಗುತ್ತದೆಂಬುದು ಸಾಮಾನ್ಯ ಅಂದಾಜು. ಉದ್ಯೋಗದಲ್ಲಿರುವವರು ದಿನಕ್ಕೆ ಒಂದೂವರೆ ಗಂಟೆಯಂತೆ ವಾರಕ್ಕೆ ಆರು ದಿನ ಓದಿದರೆ ವಾರಕ್ಕೆ 9 ಗಂಟೆಯಾಗುತ್ತದೆ. ಅಂದರೆ ಒಂದು ವರ್ಷಕ್ಕೂ ಮೇಲ್ಪಟ್ಟ ಕೆಲಸ. “ಮೂರು ತಿಂಗಳಲ್ಲಿ ಬಿ2” ಎಂಬ ಫಲಕಗಳನ್ನು ಈ ಭಾಗಾಕಾರದಿಂದ ಪರೀಕ್ಷಿಸಿ ನೋಡಬಹುದು.

ಕ್ಯುಬೆಕ್ ಪ್ರಾಂತ್ಯ

ಕ್ಯುಬೆಕ್ ಪ್ರಾಂತ್ಯವು ತನ್ನ ಆರ್ಥಿಕ ವಲಸಿಗರನ್ನು ತಾನೇ ಆಯ್ಕೆ ಮಾಡಿಕೊಳ್ಳುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿ ಅಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿನ ಸರ್ಕಾರವು ಟಿ.ಸಿ.ಎಫ್. ಮತ್ತು ಟೆಫ್‌ಗಳ ಕ್ಯುಬೆಕ್ ಮತ್ತು ಕೆನಡಾ ರೂಪಗಳ ಜೊತೆಗೆ ಡೆಲ್ಫ್ ಮತ್ತು ಡಾಲ್ಫ್‌ಗಳನ್ನೂ ಪುರಾವೆಯಾಗಿ ಪರಿಗಣಿಸುತ್ತದೆ. ಕ್ಯುಬೆಕ್‌ನಲ್ಲಿ ನಡೆಯುವುದನ್ನು ಕೇಳಿ ಉಳಿದ ಕೆನಡಾಕ್ಕೂ ನಡೆಯುತ್ತದೆಂದು ಭಾವಿಸುವುದರಿಂದಲೇ ಮೇಲೆ ಹೇಳಿದ ಡೆಲ್ಫ್ ಗೊಂದಲ ಹುಟ್ಟುತ್ತದೆ. ಅಂತಿಮವಾಗಿ ಎಲ್ಲಿ ನೆಲೆಸುವುದೆಂದು ತೀರ್ಮಾನಿಸದವರು ಟಿ.ಸಿ.ಎಫ್. ಕೆನಡಾ ಅಥವಾ ಟೆಫ್ ಕೆನಡಾ ಬರೆಯುವುದು ಲೇಸು. ಅವು ಎರಡೂ ಕಡೆ ನಡೆಯುತ್ತವೆ.

ಫ್ರಾನ್ಸ್‌ನಲ್ಲಿ ವ್ಯಾಸಂಗ ಮತ್ತು ವಾಸ

ಫ್ರಾನ್ಸ್‌ನ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಮಾಧ್ಯಮದ ಪದವಿಗೆ ಸೇರುವವರಿಗೆ ಸಾಮಾನ್ಯವಾಗಿ ಬಿ2 ಹಂತ ಅಗತ್ಯ. ಇಲ್ಲಿ ಡೆಲ್ಫ್ ಬಿ2 ಅತ್ಯುತ್ತಮ ಆಯ್ಕೆ. ಅದನ್ನು ಹೊಂದಿರುವವರಿಗೆ ವಿಶ್ವವಿದ್ಯಾಲಯ ಪ್ರವೇಶದ ಭಾಷಾ ಪರೀಕ್ಷೆಯಿಂದ ವಿನಾಯಿತಿ ಇದೆ, ಅವಧಿ ಮುಗಿಯುವ ಚಿಂತೆಯೂ ಇಲ್ಲ. ಇಂದು ದ್ವಿತೀಯ ಪಿಯುಸಿ ಓದುತ್ತಿರುವ ವಿದ್ಯಾರ್ಥಿ ಈಗ ಪಡೆದ ಡಿಪ್ಲೊಮಾವನ್ನು ನಾಲ್ಕು ವರ್ಷಗಳ ನಂತರ ಸ್ನಾತಕೋತ್ತರ ಪ್ರವೇಶಕ್ಕೂ ಬಳಸಬಹುದು. ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಿಗೆ ಫ್ರೆಂಚ್ ಪ್ರಮಾಣಪತ್ರ ಪ್ರವೇಶದ ಷರತ್ತಾಗಿರುವುದಿಲ್ಲ. ಅಂತಹವರು ಪ್ರವೇಶಕ್ಕಾಗಿಯೇ ದುಬಾರಿ ಪರೀಕ್ಷೆಗೆ ಕೂರಬೇಕಾದ್ದಿಲ್ಲ.

ಈಗಾಗಲೇ ಫ್ರಾನ್ಸ್‌ನಲ್ಲಿ ನೆಲೆಸಿರುವವರ ಕುಟುಂಬಗಳು ಗಮನಿಸಬೇಕಾದ ಅಂಶವೊಂದಿದೆ. ದಿನಾಂಕ 26.01.2024ರ ಕಾನೂನಿನಂತೆ 2026ರ ಜನವರಿ 1ರಿಂದ ಬಹುವಾರ್ಷಿಕ ವಾಸದ ಚೀಟಿಗೆ ಎ2, ಹತ್ತು ವರ್ಷಗಳ ನಿವಾಸಿ ಚೀಟಿಗೆ ಬಿ1, ಪೌರತ್ವಕ್ಕೆ ಬಿ2 ಹಂತವನ್ನು ಸಾಮಾನ್ಯ ನಿಯಮವಾಗಿ ನಿಗದಿಪಡಿಸಲಾಗಿದೆ. ಹಿಂದೆ ಪೌರತ್ವಕ್ಕೆ ಬಿ1 ಸಾಕಾಗುತ್ತಿತ್ತು. ಇದಕ್ಕಾಗಿ ಟಿ.ಸಿ.ಎಫ್. ಐ.ಆರ್.ಎನ್. ಮತ್ತು ಟೆಫ್ ಐ.ಆರ್.ಎನ್. ಎಂಬ ಪ್ರತ್ಯೇಕ ರೂಪಗಳಿವೆ. ಡೆಲ್ಫ್ ಕೂಡ ನಡೆಯುತ್ತದೆ. ಐ.ಆರ್.ಎನ್. ರೂಪದ ಪತ್ರ ಕೆನಡಾದಲ್ಲಿ ನಡೆಯುವುದಿಲ್ಲ.

ಪಿಯುಸಿ ಮತ್ತು ಶಾಲೆಯ ಫ್ರೆಂಚ್

ರಾಜ್ಯದ ಪದವಿಪೂರ್ವ ಶಿಕ್ಷಣದಲ್ಲಿ ಫ್ರೆಂಚ್ ಒಂದು ಭಾಷಾ ವಿಷಯವಾಗಿದ್ದು, ಹಲವು ವಿದ್ಯಾರ್ಥಿಗಳು ಅದರಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟ ಅಂಕ ಗಳಿಸಿರುತ್ತಾರೆ. ಈ ಅಂಕಪಟ್ಟಿ ಪ್ರಾವೀಣ್ಯದ ಪುರಾವೆಯಲ್ಲ. ವಲಸೆ ಅರ್ಜಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಅದನ್ನು ಓದಿದವರು ಸಾಮಾನ್ಯವಾಗಿ ಕೆಳಗಿನ ಹಂತಗಳಿಂದಲೇ ಮುಂದುವರಿಯಬೇಕಾಗುತ್ತದೆ, ಏಕೆಂದರೆ ಅಲ್ಲಿ ಮಾತು ಮತ್ತು ಆಲಿಸುವಿಕೆಗೆ ದೊರೆತ ಅಭ್ಯಾಸ ಕಡಿಮೆ. ಶಾಲಾ ಮಕ್ಕಳಿಗಾಗಿ ಡೆಲ್ಫ್‌ನ ಪ್ರತ್ಯೇಕ ರೂಪಗಳಿವೆ. ಮಗುವಿಗೆ ಉತ್ಸಾಹ ತುಂಬಲು ಎ1 ಒಳ್ಳೆಯದೇ. ಅದರಿಂದ ಕುಟುಂಬದ ವೀಸಾ ಕಡತಕ್ಕೆ ಉಪಯೋಗವಿದೆಯೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಬೆಂಗಳೂರಿನಲ್ಲಿಯೇ ಫ್ರೆಂಚ್ ಬಲ್ಲ ನೌಕರರ ಹುದ್ದೆಗೆ ಪ್ರಯತ್ನಿಸುವವರಿಗೆ ಡೆಲ್ಫ್ ಬಿ2 ಸೂಕ್ತ, ಅದು ಪ್ರತಿ ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕಾದುದಲ್ಲ.

ಹೆಸರು ಮತ್ತು ಪಾಸ್‌ಪೋರ್ಟ್

ನೋಂದಣಿಗೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಅನ್ನು ಗುರುತಿನ ದಾಖಲೆಯಾಗಿ ಬಳಸತಕ್ಕದ್ದು. ನಮ್ಮ ಭಾಗದ ಅರ್ಜಿದಾರರಿಗೆ ಇಲ್ಲಿ ವಿಶೇಷ ತೊಡಕೊಂದು ಎದುರಾಗುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಅಥವಾ ಮುಂದೆ ಒಂದೆರಡು ಇನಿಷಿಯಲ್ ಮಾತ್ರ ಇರುತ್ತವೆ: ಒಂದು ಊರಿನದು, ಒಂದು ತಂದೆಯದು. ಪಾಸ್‌ಪೋರ್ಟ್‌ನಲ್ಲಿ ಅವು ಪೂರ್ಣವಾಗಿ ಬಿಡಿಸಲ್ಪಟ್ಟು, ತಂದೆಯ ಹೆಸರು ಅಥವಾ ಊರ ಹೆಸರು ಉಪನಾಮದ ಅಂಕಣಕ್ಕೆ ಹೋಗಿರುತ್ತದೆ; ಕೆಲವರ ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಅಂಕಣ ಖಾಲಿಯಾಗಿಯೇ ಇರುತ್ತದೆ. ಆಧಾರ್‌ನಲ್ಲಿ ಇನ್ನೊಂದು ರೀತಿ. ಪರೀಕ್ಷೆಯ ನೋಂದಣಿಯಲ್ಲಿ ಮನೆಯಲ್ಲಿ ಕರೆಯುವ ಅಥವಾ ಕಚೇರಿಯಲ್ಲಿ ಬಳಸುವ ರೂಪವನ್ನು ಬರೆಯದೆ, ಪಾಸ್‌ಪೋರ್ಟ್‌ನ ಭಾವಚಿತ್ರವಿರುವ ಪುಟದಲ್ಲಿ ಇರುವಂತೆಯೇ, ಅದೇ ಕಾಗುಣಿತದಲ್ಲಿ, ಅದೇ ಅಂಕಣಗಳಲ್ಲಿ ಭರ್ತಿ ಮಾಡತಕ್ಕದ್ದು.

ಪಾಸ್‌ಪೋರ್ಟ್‌ನಲ್ಲಿಯೇ ಹೆಸರು ತಿದ್ದುಪಡಿ ಆಗಬೇಕಿದ್ದರೆ, ಅಥವಾ ವಿವಾಹಾನಂತರ ಹೆಸರು ಬದಲಿಸುವ ಉದ್ದೇಶವಿದ್ದರೆ, ಮೊದಲು ಮರುವಿತರಣೆ ಪಡೆದು ನಂತರ ಪರೀಕ್ಷೆಗೆ ನೋಂದಾಯಿಸಿಕೊಳ್ಳುವುದು ಯುಕ್ತ. ಪರೀಕ್ಷೆ ಬರೆದ ಮೇಲೆ ಪಾಸ್‌ಪೋರ್ಟ್ ಬದಲಾಯಿಸಿದರೆ ಎರಡು ಹೆಸರುಗಳೂ ಒಬ್ಬರದೇ ಎಂದು ಸಾಬೀತುಪಡಿಸುವ ಹೊಣೆ ಅರ್ಜಿದಾರರ ಮೇಲೆಯೇ ಬೀಳುತ್ತದೆ.

ನೋಂದಣಿ ಮತ್ತು ಪರೀಕ್ಷಾ ಕೇಂದ್ರ ತಲುಪುವ ಬಗೆ

ಬೆಂಗಳೂರಿನಲ್ಲಿ ಈ ಪರೀಕ್ಷೆಗಳಿಗೆ ಸಂಪರ್ಕಿಸಬೇಕಾದ ಕೇಂದ್ರ ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿರುವ ಅಲಿಯಾನ್ಸ್ ಫ್ರಾನ್ಸೇಸ್. ಪರೀಕ್ಷಾ ದಿನಾಂಕ, ಶುಲ್ಕ ಮತ್ತು ಉಳಿದಿರುವ ಸ್ಥಳಗಳ ವಿವರವನ್ನು ಆ ಸಂಸ್ಥೆಯ ಪ್ರಕಟಣೆಯಿಂದಲೇ ತಿಳಿದುಕೊಳ್ಳುವುದು. ಒಂದು ಪ್ರಯತ್ನದ ನಂತರ ಮರುಪರೀಕ್ಷೆಗೆ ನಿಗದಿತ ದಿನಗಳ ಅಂತರವಿರುವುದರಿಂದ, ಮರುಪರೀಕ್ಷೆಯ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮೊದಲ ದಿನಾಂಕವನ್ನು ಆರಿಸುವುದು ಉತ್ತಮ.

ಕೆಂಗೇರಿ, ದೀಪಾಂಜಲಿನಗರ, ಅತ್ತಿಗುಪ್ಪೆ ಮತ್ತು ವಿಜಯನಗರದವರು ನೇರಳೆ ಮಾರ್ಗದ ಮೆಟ್ರೊದಲ್ಲಿ ಮಾರ್ಗ ಬದಲಿಸದೆ ವಿಧಾನಸೌಧದ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣಕ್ಕೆ ಬಂದು ಅಲ್ಲಿಂದ ಆಟೊ ಹಿಡಿಯಬಹುದು. ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು ಅಲ್ಲಿ ಬದಲಿಸಬೇಕು. ಬಸವೇಶ್ವರನಗರದೊಳಗೆ ಮೆಟ್ರೊ ನಿಲ್ದಾಣವಿಲ್ಲದ ಕಾರಣ ಅಲ್ಲಿನವರು ವಿಜಯನಗರ ಅಥವಾ ರಾಜಾಜಿನಗರ ನಿಲ್ದಾಣವನ್ನು ತಲುಪಬೇಕಾಗುತ್ತದೆ. ಭಾನುವಾರ ಮೆಟ್ರೊ ಸಂಚಾರ ಇತರ ದಿನಗಳಿಗಿಂತ ತಡವಾಗಿ ಆರಂಭವಾಗುವುದನ್ನು ಗಮನದಲ್ಲಿಡುವುದು. ಆಲಿಸುವಿಕೆಯ ಭಾಗ ಆರಂಭವಾದ ಮೇಲೆ ಬಂದವರಿಗೆ ಕೋಣೆಯೊಳಗೆ ಪ್ರವೇಶ ದೊರೆಯುವುದಿಲ್ಲ, ಕಟ್ಟಿದ ಶುಲ್ಕವೂ ಹಿಂದಿರುಗುವುದಿಲ್ಲ.

ಮಧ್ಯವರ್ತಿಗಳ ಬಗ್ಗೆ

ಈ ಪರೀಕ್ಷೆಗಳಿಗೆ ಅಭ್ಯರ್ಥಿ ಸ್ವತಃ ನೋಂದಾಯಿಸಿಕೊಳ್ಳಬಹುದು; ಮಧ್ಯವರ್ತಿಯ ಅವಶ್ಯಕತೆ ಇಲ್ಲ. ಅಂಕಗಳ ಖಾತರಿ ನೀಡುವ, ಪ್ರಶ್ನೆಗಳನ್ನು ಮೊದಲೇ ಒದಗಿಸುವುದಾಗಿ ಹೇಳುವ, ಅಥವಾ ಪರೀಕ್ಷೆ ಬರೆಯದೆಯೇ ಪ್ರಮಾಣಪತ್ರ ಕೊಡಿಸುವುದಾಗಿ ಹಣ ಕೇಳುವ ವ್ಯಕ್ತಿಗಳಿಂದ ದೂರವಿರಲು ಸಾರ್ವಜನಿಕರನ್ನು ಕೋರಲಾಗಿದೆ. ಫಲಿತಾಂಶ ಪತ್ರಗಳ ಸಾಚಾತನವನ್ನು ಪರೀಕ್ಷೆ ನಡೆಸಿದ ಸಂಸ್ಥೆಯಿಂದಲೇ ಪರಿಶೀಲಿಸಲಾಗುತ್ತದೆ. ಸುಳ್ಳು ದಾಖಲೆ ಸಲ್ಲಿಸಿದ್ದು ಕಂಡುಬಂದಲ್ಲಿ ಕೆನಡಾದ ವಲಸೆ ಕಾನೂನಿನ 40ನೆಯ ಪ್ರಕರಣದಡಿ ಐದು ವರ್ಷಗಳ ಕಾಲ ಆ ದೇಶಕ್ಕೆ ಪ್ರವೇಶ ನಿರಾಕರಿಸಲಾಗುತ್ತದೆ. ಮಧ್ಯವರ್ತಿ ಸಲ್ಲಿಸಿದ್ದು ತನಗೆ ತಿಳಿದಿರಲಿಲ್ಲ ಎಂಬ ಸಮಜಾಯಿಷಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅರ್ಜಿಯ ಮೇಲಿರುವ ಸಹಿ ಅರ್ಜಿದಾರರದು. ಶುಲ್ಕ ಪಡೆದು ಕೆನಡಾ ವಲಸೆಯ ಬಗ್ಗೆ ಸಲಹೆ ನೀಡುವವರು ಅಲ್ಲಿನ ವಕೀಲರೋ ಅಥವಾ ಅಲ್ಲಿನ ವಲಸೆ ಸಲಹೆಗಾರರ ನಿಯಂತ್ರಣ ಮಂಡಳಿಯ ಸದಸ್ಯರೋ ಎಂಬುದನ್ನು ಆ ಸಂಸ್ಥೆಗಳ ಸಾರ್ವಜನಿಕ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬಹುದು.

ಫಲಿತಾಂಶ ಬಂದ ನಂತರ

ಪತ್ರ ಕೈಸೇರಿದ ದಿನವೇ ಹೆಸರು, ಜನ್ಮ ದಿನಾಂಕ ಮತ್ತು ಜನ್ಮಸ್ಥಳಗಳನ್ನು ಪಾಸ್‌ಪೋರ್ಟ್‌ನೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದಲ್ಲಿ ಕೂಡಲೇ ಪರೀಕ್ಷಾ ಕೇಂದ್ರದ ಗಮನಕ್ಕೆ ಲಿಖಿತವಾಗಿ ತರತಕ್ಕದ್ದು. ಡೆಲ್ಫ್ ಮತ್ತು ಡಾಲ್ಫ್‌ನಲ್ಲಿ ಉತ್ತೀರ್ಣರಾದವರಿಗೆ ಮೊದಲು ಉತ್ತೀರ್ಣತಾ ಪತ್ರ ನೀಡಿ, ಮೂಲ ಡಿಪ್ಲೊಮಾವನ್ನು ಕೆಲವು ತಿಂಗಳ ನಂತರ ವಿತರಿಸಲಾಗುತ್ತದೆ. ವಿಳಾಸ ಬದಲಾಯಿಸಿದವರು ಅದನ್ನು ಪಡೆಯದೆ ಉಳಿಯುವುದುಂಟು. ಟಿ.ಸಿ.ಎಫ್. ಮತ್ತು ಟೆಫ್ ಬರೆದವರು ಫಲಿತಾಂಶ ಪತ್ರದ ದಿನಾಂಕಕ್ಕೆ ಎರಡು ವರ್ಷ ಕೂಡಿಸಿ, ಆ ದಿನಾಂಕವನ್ನು ಪತ್ರದ ಪ್ರತಿಯ ಮೇಲೆ ಬರೆದಿಟ್ಟುಕೊಳ್ಳುವುದು.